ಮೆಂಟರ್ ಅಂತ 20 ಮಕ್ಕಳನ್ನು ಕೊಟ್ಟಿದ್ದಾರೆ, ಅದರಲ್ಲಿ ಒಬ್ಬ ಹುಡುಗ ಮಾತೇ ಆಡುತ್ತಿಲ್ಲ. ಏನು ಮಾಡಲಿ?

ಹೊಸ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು, ಊರಿನ ಹೆಸರು ಬೇಡ. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ. ಈ ಸಲ ಮೊದಲ ಸೆಮಿಸ್ಟರಿನ 20 ಮಕ್ಕಳಿಗೆ ನನ್ನನ್ನು ಮೆಂಟರ್ ಮಾಡಿದ್ದಾರೆ, ಅಂದರೆ ಅವರ ಓದು, ಕಷ್ಟ ನೋಡಿಕೊಳ್ಳುವ ಮೇಷ್ಟ್ರು. ಬುಧವಾರ ಕೊನೇ ಪೀರಿಯಡ್ ಮೆಂಟರಿಂಗ್. ಮೆಂಟರ್ ಪುಸ್ತಕದಲ್ಲಿ ಹಾಜರಿ, ಐಎ (ಸೆಮಿಸ್ಟರ್ ನಡುವೆ ಕಾಲೇಜೇ ಮಾಡುವ ಟೆಸ್ಟ್) ಅಂಕ, ಅಪ್ಪನ ಫೋನ್ ನಂಬರ್ ಬರೆದು ಮಕ್ಕಳ ಸಹಿ ಹಾಕಿಸಬೇಕು. ಪುಸ್ತಕ ತುಂಬಿಸುವುದು ನನಗೆ ಗೊತ್ತು. ಅದನ್ನು ಬಿಟ್ಟು ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಅದರಲ್ಲಿ ಒಬ್ಬ ಹುಡುಗ ಇದ್ದಾನೆ. ಹಿರಿಯೂರು ಕಡೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯಲ್ಲಿ ಸೀಟು ಸಿಕ್ಕಿದೆ. ಮೊದಲನೇ ಐಎಯಲ್ಲಿ ಮ್ಯಾಥ್ಸ್‌ಗೆ 25ಕ್ಕೆ 4, ನನ್ನ ವಿಷಯದಲ್ಲಿ 7. ಹಾಜರಿ 71 ಪರ್ಸೆಂಟ್. ಕರೆದರೆ ಬರುತ್ತಾನೆ, ಟೇಬಲ್ ಎದುರು ಕೈ ಕಟ್ಟಿ ನಿಲ್ಲುತ್ತಾನೆ. ಏನಪ್ಪ ತೊಂದರೆ ಅಂದರೆ "ಏನೂ ಇಲ್ಲ ಸರ್, ಓದ್ತೀನಿ ಸರ್" ಅಷ್ಟೇ. ಮೂರು ವಾರದಿಂದ ಇದೇ ಎರಡು ಮಾತು. ಕಳೆದ ವಾರ ಹಾಸ್ಟೆಲ್ ವಾರ್ಡನ್ ಸಿಕ್ಕಿದ್ದರು, ರಾತ್ರಿ ಮೆಸ್‌ಗೆ ಬರುವುದನ್ನೂ ಬಿಟ್ಟಿದ್ದಾನೆ ಅಂದರು. ಅದನ್ನು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಡಿಪಾರ್ಟ್‌ಮೆಂಟಿನಲ್ಲಿ ಹಿರಿಯರೊಬ್ಬರನ್ನು ಕೇಳಿದೆ, ಅಪ್ಪನಿಗೆ ಫೋನ್ ಮಾಡಿ ಕರೆಸಿ ಅಂದರು. ಅಡ್ಮಿಷನ್ ದಿನ ಆ ಅಪ್ಪ ನನ್ನ ಕೈ ಹಿಡಿದುಕೊಂಡು "ನಿಮ್ಮ ಕೈಗೆ ಒಪ್ಪಿಸಿದ್ದೀನಿ ಮೇಷ್ಟ್ರೇ" ಅಂದಿದ್ದರು. ಈಗ ಫೋನ್ ಮಾಡಿ ನಿಮ್ಮ ಮಗ ಫೇಲ್ ಆಗುತ್ತಾನೆ ಅಂತ ಹೇಳಿದರೆ ಅವರ ಮನೆಯಲ್ಲಿ ಏನಾಗುತ್ತದೋ ಅಂತ ಭಯ. ಹೇಳದೇ ಇದ್ದರೆ ಇಲ್ಲಿ ಏನಾಗುತ್ತದೋ ಅಂತ ಭಯ. ನಿಮ್ಮಲ್ಲಿ ಅನುಭವ ಇರುವವರು ದಯವಿಟ್ಟು ಹೇಳಿ, ನಾನು ಮೊದಲು ಏನು ಮಾಡಬೇಕು?

ಮ್ಯಾಥ್ಸ್ ಮೇಡಂ:

ಸರ್, ಮೊದಲು ಆ ಟೇಬಲ್ ಎದುರು ನಿಲ್ಲಿಸುವುದನ್ನು ಬಿಡಿ. ಬೈಯುವುದಕ್ಕೂ ಅದೇ ಜಾಗ, ಫೈನ್ ಕಟ್ಟಿಸುವುದಕ್ಕೂ ಅದೇ ಜಾಗ, ಕಷ್ಟ ಕೇಳುವುದಕ್ಕೂ ಅದೇ ಜಾಗ ಅಂದರೆ ಯಾವ ಹುಡುಗ ಬಾಯಿ ಬಿಡುತ್ತಾನೆ ಹೇಳಿ? ನಾನು ಮೊದಲ ವರ್ಷಕ್ಕೆ ಗಣಿತ ಕಲಿಸಲು ಶುರು ಮಾಡಿ 24 ವರ್ಷ ಆಯಿತು. ನನಗೆ ಗೊತ್ತಿರುವ ಒಂದೇ ದಾರಿ ಹೇಳುತ್ತೇನೆ. "ಏನು ತೊಂದರೆ" ಅಂತ ಕೇಳಬೇಡಿ. ಅವನ ಐಎ ಬ್ಲೂಬುಕ್ (ಉತ್ತರ ಬರೆದ ಪುಸ್ತಕ) ತರಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂತು ಆ ಪುಸ್ತಕ ನೋಡಿ. ಎಲ್ಲಿ ಪೆನ್ನು ನಿಂತಿದೆ ಅಂತ ಹುಡುಕಿ. ತೊಂದರೆ ಏನು ಅಂತ ಕೇಳಿದರೆ ಅವನಿಗೂ ಉತ್ತರ ಗೊತ್ತಿರುವುದಿಲ್ಲ, ಆದರೆ ಈ ಸಾಲು ಆದಮೇಲೆ ಯಾಕೆ ನಿಲ್ಲಿಸಿದೆ ಅಂತ ಕೇಳಿದರೆ ಹೇಳುತ್ತಾನೆ.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಪೋಲಾರ್ ಕರ್ವ್ಸ್ ಅನ್ನುವ ಪಾಠ ಇದೆ ಅಲ್ವಾ, ಆರ್ ಈಕ್ವಲ್ ಟು ಎ ಇಂಟು ಒಂದು ಪ್ಲಸ್ ಕಾಸ್ ಥೀಟಾ. ಎರಡೂ ಕಡೆ ಲಾಗ್ ತೆಗೆಯುತ್ತಾರೆ, ಡಿಫರೆನ್ಷಿಯೇಟ್ ಮಾಡುತ್ತಾರೆ, ಮೈನಸ್ ಸೈನ್ ಥೀಟಾ ಬೈ ಒಂದು ಪ್ಲಸ್ ಕಾಸ್ ಥೀಟಾ ಅನ್ನುವವರೆಗೆ ಬಂದು ಅಲ್ಲೇ ನಿಲ್ಲುತ್ತಾರೆ. ಅಂದರೆ ಆ ಮಗುವಿಗೆ ಹೊಸ ಪಾಠ ಬಂದಿದೆ! ನಿಂತಿರುವುದು ಪಿಯುಸಿಯ ತ್ರಿಕೋನಮಿತಿಯಲ್ಲಿ. ಒಂದು ಪ್ಲಸ್ ಕಾಸ್ ಥೀಟಾ ಅಂದರೆ ಎರಡು ಕಾಸ್ ಸ್ಕ್ವೇರ್ ಥೀಟಾ ಬೈ ಎರಡು ಅನ್ನುವ ಒಂದು ಸಾಲು ನೆನಪಿಲ್ಲ, ಅದಕ್ಕೆ ಏಳು ಅಂಕದ ಲೆಕ್ಕ ಹೋಯಿತು. ಅವನು ಮಾತ್ರ ತನಗೆ ಇಂಜಿನಿಯರಿಂಗ್ ಗಣಿತವೇ ಬರುವುದಿಲ್ಲ, ತಾನು ಇಲ್ಲಿಗೆ ಬರಬಾರದಿತ್ತು ಅಂದುಕೊಂಡಿರುತ್ತಾನೆ. ಆ ಒಂದು ಸಾಲು ಹೇಳಿಕೊಟ್ಟು ಅದೇ ಲೆಕ್ಕವನ್ನು ಅವನ ಕೈಯಲ್ಲೇ ಮುಗಿಸಿಸಿ. ಮುಖ ನೋಡಿ ಆಮೇಲೆ. ಊರಿನ ಕಥೆ, ಹಾಸ್ಟೆಲ್ ಕಥೆ, ಮನೆ ಕಥೆ ಎಲ್ಲ ಬರುವುದು ಆಗಲೇ, ಲೆಕ್ಕ ಮುಗಿದ ಮೇಲೆ, ಪುಸ್ತಕ ಮುಚ್ಚುವ ಹೊತ್ತಿಗೆ.

ಇನ್ನೊಂದು, ಹಾಜರಿ. ಇದು ಅಂಕಕ್ಕಿಂತ ಅರ್ಜೆಂಟು. 85 ಬೇಕು, ಇಲ್ಲದಿದ್ದರೆ ಶಾರ್ಟೇಜ್. ಸೆಮಿಸ್ಟರ್ ಅರ್ಧ ಆಗಿದೆ ಅಂತಿಟ್ಟುಕೊಳ್ಳಿ, ಇನ್ನು ಮುಂದೆ ಒಂದು ಕ್ಲಾಸೂ ತಪ್ಪಿಸದೆ ಬಂದರೆ 71 ಮತ್ತು 100 ಸೇರಿ ಸರಾಸರಿ 85.5 ಆಗುತ್ತದೆ. ಅಂದರೆ ಇವತ್ತು ಹಿಡಿದರೆ ಬಾಗಿಲು ತೆರೆದಿದೆ, ಎರಡು ವಾರ ಬಿಟ್ಟರೆ ಮುಚ್ಚುತ್ತದೆ. ಇದನ್ನು ಅವನಿಗೆ ಹಾಳೆಯ ಮೇಲೆ ಬರೆದು ತೋರಿಸಿ. ಹಾಗೇ ಸಿಐಇ ಲೆಕ್ಕ, ಅಂದರೆ ಐಎ, ಅಸೈನ್‌ಮೆಂಟ್ ಎಲ್ಲ ಸೇರಿ ಕಾಲೇಜು ಕೊಡುವ ಅಂಕ. 50ಕ್ಕೆ 20 ಬಂದರೆ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕೂರಬಹುದು, ಪರೀಕ್ಷೆಯಲ್ಲಿ ಕನಿಷ್ಠ 35 ಪರ್ಸೆಂಟ್, ಎರಡೂ ಸೇರಿ 100ಕ್ಕೆ 40. ಮೊದಲ ಐಎಯಲ್ಲಿ 4 ಬಂದ ಹುಡುಗ ಎಲ್ಲ ಮುಗಿಯಿತು ಅಂದುಕೊಂಡಿರುತ್ತಾನೆ. ಮುಗಿದಿಲ್ಲ, ಇನ್ನೊಂದು ಐಎ ಇದೆ, ಅಸೈನ್‌ಮೆಂಟ್ ಇದೆ. ಸುಮ್ನೆ "ಧೈರ್ಯವಾಗಿರು" ಅನ್ನುವುದಕ್ಕಿಂತ ಇನ್ನು ಎಷ್ಟು ಬೇಕು ಅಂತ ತೋರಿಸಿದರೆ ಅವನಿಗೆ ಧೈರ್ಯ ಬರುತ್ತದೆ.

ನಾನು ಇದನ್ನು ಕಲಿತದ್ದು ಒಬ್ಬ ಹುಡುಗಿಯನ್ನು ಕಳೆದುಕೊಂಡ ಮೇಲೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ. ಎರಡು ಸಲ ಕರೆದು ಬುದ್ಧಿ ಹೇಳಿದೆ, ಚೆನ್ನಾಗಿ ಓದಮ್ಮ, ಅಪ್ಪ ಅಮ್ಮ ಕಷ್ಟಪಟ್ಟು ಕಳಿಸಿದ್ದಾರೆ ಅಂತ. ಮೂರನೇ ಸಲ ಕರೆಯುವಷ್ಟರಲ್ಲಿ ಟಿಸಿ ತೆಗೆದುಕೊಂಡು ಹೋಗಿದ್ದಳು. ಅಪ್ಪ ಅಮ್ಮನ ಕಷ್ಟ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಬುದ್ಧಿಮಾತಲ್ಲ, ಯಾರಾದರೂ ಅರ್ಧ ಗಂಟೆ ಪಕ್ಕದಲ್ಲಿ ಕೂರುವುದು. ಇವತ್ತಿಗೂ ನನಗೆ ಅವಳ ರೋಲ್ ನಂಬರ್ ನೆನಪಿದೆ.

ಹಳೇ ಹಾಸ್ಟೆಲ್ ಹುಡುಗ:

ಸರ್, ನೀವು ಬರೆದಿರುವ ಹುಡುಗ ಹತ್ತು ವರ್ಷದ ಹಿಂದೆ ನಾನೇ. ಕೊಪ್ಪಳ ಜಿಲ್ಲೆ, ಕನ್ನಡ ಮಾಧ್ಯಮ. ಈಗ ಪುಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅವನ ಪರವಾಗಿ ಸ್ವಲ್ಪ ಹೇಳುತ್ತೇನೆ.

ಇಂಗ್ಲಿಷ್ ಬರುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪಾಠ ಅರ್ಥ ಆಗುತ್ತದೆ ಸರ್, ಪಿಯುಸಿ ಎರಡು ವರ್ಷ ಇಂಗ್ಲಿಷಲ್ಲೇ ಓದಿರುತ್ತೇವೆ. ಆಗದಿರುವುದು ಪ್ರಶ್ನೆ ಕೇಳುವುದು. ಡೌಟ್ ಬರುತ್ತದೆ, ಅದನ್ನು ತಲೆಯಲ್ಲಿ ಇಂಗ್ಲಿಷಲ್ಲಿ ಜೋಡಿಸುತ್ತೇವೆ, ಜೋಡಿಸಿ ಮುಗಿಯುವಷ್ಟರಲ್ಲಿ ಸರ್ ಬೋರ್ಡ್ ಒರೆಸಿರುತ್ತಾರೆ. ದಿನಕ್ಕೆ ಹತ್ತು ಸಲ ಹೀಗಾದರೆ ಹದಿನೈದು ದಿನಕ್ಕೆ ಕೈ ಎತ್ತುವ ಆಸೆಯೇ ಹೋಗುತ್ತದೆ. ಆಮೇಲೆ ಕ್ಲಾಸಿಗೆ ಹೋಗುವ ಆಸೆ. ನನಗೆ ವಿಭವಾಂತರ ಗೊತ್ತಿತ್ತು, ರೋಧ ಗೊತ್ತಿತ್ತು, ಓಮ್‌ನ ನಿಯಮ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಇಂಗ್ಲಿಷಲ್ಲಿ ಕೇಳಿದಾಗ ಮಾತ್ರ ಬಾಯಿ ಕಟ್ಟಿ ನಿಂತಿದ್ದೆ. ಆಗ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರು ಪಕ್ಕಕ್ಕೆ ಕರೆದು "ಕನ್ನಡದಲ್ಲಿ ಹೇಳೋ, ನಾನು ಕೇಳ್ತೀನಿ" ಅಂದರು. ಐದು ನಿಮಿಷ ಹೇಳಿದೆ. "ಎಲ್ಲ ಗೊತ್ತಲ್ಲೋ ನಿನಗೆ" ಅಂದರು. ನನ್ನ ಇಂಜಿನಿಯರಿಂಗ್ ಉಳಿದದ್ದು ಆ ಒಂದು ಮಾತಿನಿಂದ, ಜಾಸ್ತಿ ಹೇಳುತ್ತಿಲ್ಲ. ನೀವು ಎಲೆಕ್ಟ್ರಿಕಲ್ ಮೇಷ್ಟ್ರು, ಒಂದು ಸಲ ಅವನನ್ನು ಕನ್ನಡದಲ್ಲಿ ಕೇಳಿ ನೋಡಿ.

ಸಿಇಟಿಯಲ್ಲಿ ಗ್ರಾಮೀಣದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಸೀಟು ಇಡುತ್ತಾರೆ. ಬಹಳ ಒಳ್ಳೆಯದು, ಅದಿಲ್ಲದಿದ್ದರೆ ನಾನು ಇವತ್ತು ಇಲ್ಲಿ ಇರುತ್ತಿರಲಿಲ್ಲ. ಆದರೆ ಸೀಟು ಕೊಟ್ಟ ಮೇಲೆ ಒಳಗೆ ಬಂದವನ ಕೈ ಹಿಡಿಯುವವರು ಯಾರು? ಅದು ಮೆಂಟರ್ ಕೆಲಸ ಅಂತ ನಾನು ನಂಬಿದ್ದೇನೆ.

ಮೆಸ್ ವಿಷಯವನ್ನು ಮಾತ್ರ ಇವತ್ತೇ ನೋಡಿ. ನಾನು ಮೆಸ್‌ಗೆ ಹೋಗುವುದನ್ನು ಬಿಟ್ಟಾಗ ಎರಡು ಕಾರಣ ಇತ್ತು. ಒಂದು, ಬಿಲ್ ಬಾಕಿ, ಸ್ಕಾಲರ್‌ಶಿಪ್ ಹಣ ಬಂದಿರಲಿಲ್ಲ, ಮೆಸ್ ಬಾಗಿಲಲ್ಲಿ ಬಾಕಿ ಇರುವವರ ಹೆಸರು ಅಂಟಿಸಿದ್ದರು. ಎರಡು, ರೂಮಿನವರ ಜೊತೆ ಕೂತರೆ ನನ್ನ ಮಾತು ಹಿಡಿದು ನಗುತ್ತಿದ್ದರು. ಬನ್ನು, ಬಾಳೆಹಣ್ಣು ತಿಂದು ಮಲಗುತ್ತಿದ್ದೆ. ಎಲ್ಲರ ಎದುರು ಮಾತ್ರ ಕೇಳಬೇಡಿ ಸರ್. ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದ್ದೀಯಾ, ಎಲ್ಲಿ ನಿಂತಿದೆ, ಬಾ ನೋಡೋಣ ಅಂತ ಕಂಪ್ಯೂಟರ್ ಮುಂದೆ ಕೂರಿಸಿ. ಎಷ್ಟೋ ಸಲ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಹಣ ನಿಂತಿರುತ್ತದೆ, ಹುಡುಗರಿಗೆ ಅದು ಗೊತ್ತೇ ಇರುವುದಿಲ್ಲ.

ಆಪ್ತಸಮಾಲೋಚಕಿ, ಮೈಸೂರು:

ಮೇಲಿನ ಇಬ್ಬರ ಮಾತೂ ಒಪ್ಪುತ್ತೇನೆ. ನಾನು ಡಿಗ್ರಿ ಕಾಲೇಜೊಂದರಲ್ಲಿ ಕೌನ್ಸೆಲರ್. ಅವರು ಹೇಳದ ಒಂದು ವಿಷಯ ಹೇಳಬೇಕು.

ಊಟ ಬಿಟ್ಟಿದ್ದಾನೆ, ಕ್ಲಾಸ್ ಬಿಟ್ಟಿದ್ದಾನೆ, ಮಾತು ಬಿಟ್ಟಿದ್ದಾನೆ. ಮೂರೂ ಒಟ್ಟಿಗೆ ಇದೆ. ಇದು ಬರೀ ಗಣಿತದ ಕಷ್ಟ ಇರಬಹುದು, ಹಣದ ಕಷ್ಟ ಇರಬಹುದು, ಖಿನ್ನತೆಯೂ ಇರಬಹುದು. ನೀವು ಡಾಕ್ಟರ್ ಅಲ್ಲ, ಯಾವುದು ಅಂತ ನೀವು ತೀರ್ಮಾನ ಮಾಡಬೇಕಾಗಿಲ್ಲ. ನಿದ್ದೆ ಹೇಗಿದೆ, ಊಟ ಹೇಗಿದೆ, ಮನೆಗೆ ಫೋನ್ ಮಾಡುತ್ತಿದ್ದಾನಾ, ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗಲೂ ಮಾಡುತ್ತಿದ್ದಾನಾ, ಇಷ್ಟನ್ನು ಕೇಳಿ. ಮಾತಿನ ನಡುವೆ "ನಾನಿದ್ದು ಏನು ಪ್ರಯೋಜನ", "ಯಾರಿಗೂ ಬೇಡ" ಅನ್ನುವ ಥರದ ಮಾತು ಬಂದರೆ ಅದನ್ನು ದಾಟಿಕೊಂಡು ಹೋಗಬೇಡಿ. ನೇರವಾಗಿ ಕೇಳಿ: ಸಾಯಬೇಕು ಅಂತ ಅನ್ನಿಸುತ್ತಿದೆಯಾ? ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಅಂತ ಎದೆ ಹಗುರ ಆಗುವುದೇ ಹೆಚ್ಚು. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಅಥವಾ ಕೌನ್ಸೆಲರ್ ಹತ್ತಿರ ಜೊತೆಯಲ್ಲೇ ಹೋಗಿ. "ಹೋಗಿ ಬಾ" ಅಂತ ಚೀಟಿ ಕೊಟ್ಟು ಕಳಿಸಿದರೆ ಹತ್ತರಲ್ಲಿ ಎಂಟು ಮಕ್ಕಳು ನಮ್ಮ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಾರೆ, ಇದು ನಾನು ನನ್ನ ಕೋಣೆಯ ಕಿಟಕಿಯಿಂದಲೇ ನೋಡಿರುವುದು.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ಮೆಂಟರ್‌ಗಳೂ ಫೋನ್ ಮಾಡಿ ಹೀಗಿದೆ, ಏನು ಮಾಡಲಿ ಅಂತ ಕೇಳಬಹುದು. ನಿಮ್ಮ 20 ಮಕ್ಕಳಿಗೂ ಈ ನಂಬರ್ ಕೊಟ್ಟಿಡಿ, ಇವನೊಬ್ಬನಿಗೇ ಕೊಟ್ಟರೆ ಅವನಿಗೆ ಬೆರಳು ತೋರಿಸಿದ ಹಾಗಾಗುತ್ತದೆ.

ನಿಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಾ? ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಅಂತ ಹೇಳಿದೆ. ಚಿಕ್ಕ ಗುಂಪುಗಳಿಗೆ ಮೆಂಟರ್ ಇರಬೇಕು, ಅದರಲ್ಲೂ ಪರೀಕ್ಷೆ ಸಮಯದಲ್ಲಿ ಮತ್ತು ಹೊಸದಾಗಿ ಸೇರಿದಾಗ, ಅಂತಲೂ ಇದೆ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯಿರಿ.

ಅಪ್ಪನ ವಿಷಯ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಯೋಚಿಸದೆ ಫೋನ್ ಮಾಡಿ. ಹಾಗಿಲ್ಲದಿದ್ದರೆ ಹುಡುಗನಿಗೆ ಹೇಳದೆ ಮಾಡಬೇಡಿ. ಬೆನ್ನ ಹಿಂದೆ ಫೋನ್ ಹೋಯಿತು ಅಂತ ಗೊತ್ತಾದರೆ ಅವನು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ಮೆಂಟರ್ ಪುಸ್ತಕದಲ್ಲೂ ಅಷ್ಟೇ, ಅವನು ನಂಬಿ ಹೇಳಿದ್ದನ್ನೆಲ್ಲ ಬರೆಯಬೇಡಿ, ಆ ಪುಸ್ತಕ ಹತ್ತು ಕೈ ದಾಟುತ್ತದೆ.

ಲೀಡ್ಸ್‌ನ ಕನ್ನಡಿಗ:

ನಾನು ಇಂಗ್ಲೆಂಡಿನಲ್ಲಿ ಪಾಠ ಮಾಡುತ್ತೇನೆ, ಇಲ್ಲಿ ಪ್ರತಿ ವಿದ್ಯಾರ್ಥಿಗೆ ನಿಮ್ಮ ಮೆಂಟರ್ ಥರ ಪರ್ಸನಲ್ ಟ್ಯೂಟರ್ ಇರುತ್ತಾರೆ, ನಾನೂ ಒಬ್ಬ. ಮೇಡಂ ಅವರ ಮಾತಿಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಐಎ ಅಂಕ ಹಾಕುವವರೇ ಮೆಂಟರ್ ಆದರೆ ಹುಡುಗ ನಿಜ ಹೇಳುವುದು ಕಷ್ಟ. ಸಾಧ್ಯವಾದರೆ ಅವನಿಗೆ ಪಾಠ ಮಾಡದ ಇನ್ನೊಬ್ಬರು ಮೆಂಟರ್ ಆಗಿರುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಅಪ್ಪನಿಗೆ ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆ ಇಲ್ಲೂ ಇದೆ. ಇಲ್ಲಿ 18 ತುಂಬಿದವರು ದೊಡ್ಡವರು, ಅವರ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಮನೆಗೆ ತಿಳಿಸುವುದಿಲ್ಲ. ಆದರೆ ಕೆಲವು ವಿದ್ಯಾರ್ಥಿಗಳನ್ನು ಕಳೆದುಕೊಂಡ ಮೇಲೆ ಬ್ರಿಸ್ಟಲ್ ವಿಶ್ವವಿದ್ಯಾಲಯ 2018ರಲ್ಲಿ ಒಂದು ಕ್ರಮ ತಂದಿತು. ಸೇರುವಾಗಲೇ ಕೇಳುತ್ತಾರೆ: ನಿಮ್ಮ ಬಗ್ಗೆ ನಮಗೆ ಗಾಬರಿ ಆದರೆ ಯಾರಿಗೆ ತಿಳಿಸಬಹುದು? ಅಪ್ಪ, ಅಮ್ಮ, ಅಣ್ಣ, ಸ್ನೇಹಿತ, ಯಾರಾದರೂ ಸರಿ. ನಮ್ಮೂರ ಕಾಲೇಜುಗಳಲ್ಲಿ ಅಡ್ಮಿಷನ್ ಫಾರಂನಲ್ಲಿ ಅಪ್ಪನ ನಂಬರ್ ಮಾತ್ರ ಇರುತ್ತದೆ. ಆ ಹುಡುಗನಿಗೆ ಹತ್ತಿರದವರು ಸೋದರಮಾವ ಇರಬಹುದು, ಹೈಸ್ಕೂಲ್ ಮೇಷ್ಟ್ರು ಇರಬಹುದು. ನಿಮ್ಮ 20 ಮಕ್ಕಳನ್ನೂ ಈ ಒಂದು ಪ್ರಶ್ನೆ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು, ಮಕ್ಕಳೇ ಮಕ್ಕಳಿಗೆ ಆಗುವುದು. ಇಲ್ಲಿ ನೈಟ್‌ಲೈನ್ ಅಂತ ಇದೆ, 1970ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ತರಬೇತಿ ಪಡೆದ ವಿದ್ಯಾರ್ಥಿಗಳೇ ರಾತ್ರಿ ಫೋನ್ ಹತ್ತಿರ ಕೂತು ಇನ್ನೊಬ್ಬ ವಿದ್ಯಾರ್ಥಿಯ ಮಾತು ಕೇಳುತ್ತಾರೆ, ಬುದ್ಧಿ ಹೇಳುವುದಿಲ್ಲ, ಕೇಳುತ್ತಾರೆ ಅಷ್ಟೇ. ಅಷ್ಟು ದೊಡ್ಡದು ಬೇಡ, ಅವನ ಊರ ಕಡೆಯ ಒಬ್ಬ ಮೂರನೇ ವರ್ಷದ ಹುಡುಗನನ್ನು ಪರಿಚಯ ಮಾಡಿಕೊಟ್ಟರೂ ಸಾಕು.

ಮ್ಯಾಥ್ಸ್ ಮೇಡಂ:

ಲೀಡ್ಸ್‌ನವರೇ, ನೀವು ಹೇಳಿದ್ದು ದೊಡ್ಡ ಡಿಪಾರ್ಟ್‌ಮೆಂಟಿಗೆ ಸರಿ. ನಮ್ಮಲ್ಲಿ ಇರುವ ಆರು ಜನ ಎಲ್ಲ ಸೆಕ್ಷನ್‌ಗೂ ಹೋಗುತ್ತೇವೆ, ಪಾಠ ಮಾಡದವರು ಅಂತ ಯಾರೂ ಸಿಗುವುದಿಲ್ಲ. ಅದೂ ಅಲ್ಲದೆ ಇಲ್ಲಿನ ಹಳ್ಳಿ ಮಕ್ಕಳು ಪರಿಚಯ ಇಲ್ಲದವರ ಹತ್ತಿರ ಕಷ್ಟ ಹೇಳಿಕೊಳ್ಳುವುದು ಕಡಿಮೆ, ದಿನಾ ಮುಖ ನೋಡುವ ಮೇಷ್ಟ್ರ ಹತ್ತಿರ ಹೇಳುತ್ತಾರೆ. ಅಂಕದ ಭಯ ಇದೆ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ. ಅದಕ್ಕೆ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ, ಇಲ್ಲಿ ಮಾತಾಡಿದ್ದಕ್ಕೂ ಐಎಗೂ ಸಂಬಂಧ ಇಲ್ಲ ಅಂತ. ಮತ್ತೆ ಹಾಗೇ ನಡೆದುಕೊಳ್ಳುತ್ತೇನೆ. ಮಕ್ಕಳು ಒಂದು ಸೆಮಿಸ್ಟರ್ ನೋಡುತ್ತಾರೆ, ಆಮೇಲೆ ನಂಬುತ್ತಾರೆ.

ಸೀನಿಯರ್ ಹುಡುಗನ ಸಲಹೆ ಬಹಳ ಒಳ್ಳೆಯದು. ನಾನು ಗುರುವಾರ ನಾಲ್ಕು ಗಂಟೆಗೆ ಐದಾರು ಜನರನ್ನು ಕೂರಿಸುತ್ತೇನೆ, ಅದರಲ್ಲಿ ಇಬ್ಬರು ಸೀನಿಯರ್ಸ್ ಇರುತ್ತಾರೆ. ಎರಡೇ ಲೆಕ್ಕ, ಮುಕ್ಕಾಲು ಗಂಟೆ. ಒಬ್ಬನನ್ನೇ ಕರೆದರೆ ದಡ್ಡ ಅಂತ ಹೆಸರು ಬೀಳುತ್ತದೆ, ಗುಂಪಾದರೆ ಬೀಳುವುದಿಲ್ಲ.

ಹೊಸ ಮೇಷ್ಟ್ರು:

ಹನ್ನೊಂದು ದಿನ ಆಯಿತು, ಬರೆಯುವುದು ತಡ ಆಯಿತು, ಕ್ಷಮಿಸಿ.

ಅವತ್ತೇ ಸಂಜೆ ಹಾಸ್ಟೆಲ್ ಹತ್ತಿರ ಹೋದೆ. ನಮ್ಮ ಲ್ಯಾಬ್ ಕೀ ಕೊಡುವುದಿದೆ, ಬಾರಪ್ಪ ಅಂತ ಕರೆದುಕೊಂಡು ಬಂದೆ, ದಾರಿಯಲ್ಲಿ ಟೀ ಕುಡಿದೆವು. ಲ್ಯಾಬ್‌ನಲ್ಲಿ ಯಾರೂ ಇರಲಿಲ್ಲ. ನನ್ನ ವಿಷಯದ ಅವನ ಐಎ ಬ್ಲೂಬುಕ್ ತೆಗೆದು ಪಕ್ಕದಲ್ಲಿ ಕೂತೆ. ಕಿರ್ಚಾಫ್ ನಿಯಮದ ಲೆಕ್ಕದಲ್ಲಿ ಎರಡು ಸಮೀಕರಣ ಸರಿಯಾಗಿ ಬರೆದು ಬಿಟ್ಟಿದ್ದ. ಇದನ್ನು ಕನ್ನಡದಲ್ಲಿ ಹೇಳು ಅಂದೆ. ಮೊದಲು ನನ್ನ ಮುಖ ನೋಡಿದ. ಆಮೇಲೆ ಶುರು ಮಾಡಿದ, ಪ್ರವಾಹ ಈ ಕಡೆಯಿಂದ ಬರುತ್ತದೆ, ಇಲ್ಲಿ ಎರಡಾಗಿ ಒಡೆಯುತ್ತದೆ ಅಂತ ಬೆರಳಿಟ್ಟು ತೋರಿಸಿದ. ಪೂರ್ತಿ ಸರಿ! ಸಮೀಕರಣ ಬಿಡಿಸುವಾಗ ಮೈನಸ್ ಚಿಹ್ನೆ ಒಂದು ಕಡೆ ತಪ್ಪಿದ್ದರಿಂದ ಉತ್ತರ ಕೆಟ್ಟು ಬಂದಿತ್ತು, ತನ್ನ ಮೇಲೆ ನಂಬಿಕೆ ಇಲ್ಲದೆ ಅಡ್ಡಗೀಟು ಹಾಕಿದ್ದ.

ಆಮೇಲೆ ಮಾತು ಬಂತು. ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ, ಅದು ಅವನದು. ಮೆಸ್ ಬಾಕಿ ಇತ್ತು, ಹಳೇ ಹಾಸ್ಟೆಲ್ ಹುಡುಗ ಹೇಳಿದ ಹಾಗೇ ಆಧಾರ್ ಜೋಡಣೆ ಆಗಿರಲಿಲ್ಲ, ಶನಿವಾರ ಬ್ಯಾಂಕಿಗೆ ಇಬ್ಬರೂ ಹೋಗಿ ಬಂದೆವು. ಮೈಸೂರಿನ ಮೇಡಂ ಹೇಳಿದ ಪ್ರಶ್ನೆಯನ್ನೂ ಕೇಳಿದೆ. ಕೇಳುವಾಗ ನನ್ನ ದನಿ ನಡುಗಿತು. ಇಲ್ಲ ಸರ್, ಆದರೆ ವಾಪಸ್ ಊರಿಗೆ ಹೋಗಿಬಿಡೋಣ ಅಂತ ದಿನಾ ಅನ್ನಿಸುತ್ತದೆ ಅಂದ. ಕೌನ್ಸೆಲರ್ ನಮ್ಮಲ್ಲಿ ವಾರಕ್ಕೆ ಒಂದು ದಿನ ಬರುತ್ತಾರೆ, ಮಂಗಳವಾರ ಜೊತೆಯಲ್ಲೇ ಹೋಗಿ ಹೊರಗೆ ಕೂತಿದ್ದೆ. ಮುಂದಿನ ಮಂಗಳವಾರವೂ ಹೋಗುತ್ತೇನೆ ಅಂತ ಅವನೇ ಹೇಳಿದ್ದಾನೆ.

ಗಾಬರಿ ಆದರೆ ಯಾರಿಗೆ ಹೇಳಲಿ ಅಂತ ಕೇಳಿದಾಗ ಅಕ್ಕ ಅಂದ. ಚಳ್ಳಕೆರೆಯಲ್ಲಿ ಇದ್ದಾರಂತೆ. ಅವನ ಎದುರಲ್ಲೇ ಫೋನ್ ಮಾಡಿ ಮಾತಾಡಿದೆ, ಭಾನುವಾರ ಬಂದು ನೋಡಿಕೊಂಡು ಹೋದರು. ಅಪ್ಪನಿಗೆ ಯಾವಾಗ ಹೇಗೆ ಹೇಳಬೇಕು ಅಂತ ಅಕ್ಕ ತಮ್ಮ ಇಬ್ಬರೂ ನೋಡಿಕೊಳ್ಳುತ್ತಾರೆ.

ಹಾಜರಿ ಲೆಕ್ಕ ಹಾಳೆಯ ಮೇಲೆ ಬರೆದು ಕೊಟ್ಟೆ. ಈ ವಾರ ಒಂದು ಕ್ಲಾಸ್ ತಪ್ಪಿಸಿದ್ದಾನೆ, ಸೋಮವಾರ ಮೊದಲನೆಯದು. ಉಳಿದವಕ್ಕೆಲ್ಲ ಬಂದಿದ್ದಾನೆ. ಎರಡನೇ ಐಎ ಇನ್ನೂ ಆಗಿಲ್ಲ, ಏನಾಗುತ್ತದೆ ನೋಡಬೇಕು.

ಮೇಡಂ, ಪೋಲಾರ್ ಕರ್ವ್ಸ್ ನಾನು ಓದಿ ಬಹಳ ವರ್ಷ ಆಯಿತು. ನೀವು ಮಕ್ಕಳಿಗೆ ಕೊಡುವ ತ್ರಿಕೋನಮಿತಿ ಸೂತ್ರಗಳ ಹಾಳೆ ಇದ್ದರೆ ಫೋಟೋ ತೆಗೆದು ಹಾಕುತ್ತೀರಾ? ನಿಮ್ಮ ಹಾಗೇ ನಾನೂ ಗುರುವಾರ ನಾಲ್ಕು ಗಂಟೆಗೆ ಕೂರಿಸೋಣ ಅಂತ, ಇವನ ಜೊತೆ ಇನ್ನೂ ಮೂವರು ಬರುತ್ತೇವೆ ಅಂದಿದ್ದಾರೆ.